ಪರದೆ ಅಲುಗಿದಾಗ

ನಾನು ಒಂದು ನಾಟಕ ಕಂಪನಿಯ ಪರದೆ. ಗದುಗಿನ ಪೇಂಟರೊಬ್ಬ ಮಾದರಪಾಟಿನ ಬಟ್ಟೆಗೆ ಅಂಟು ಬಳಿದು, ಒಣಗಿಸಿ, ನನ್ನ ಮೈತುಂಬ ಒಂದು ಬೀದಿ ಬರೆದ. ಚಹಾದಂಗಡಿ, ನಲ್ಲಿ, ಒಂದು ನಾಯಿ. ನಾಯಿ ಯಾಕೋ ಕತ್ತೆಯ ಹಾಗೆ ಬಂತು. ತಿದ್ದಲು ಅವನಿಗೆ ಪುರಸೊತ್ತಾಗಲಿಲ್ಲ.

ಮರೆ ಮಾಡುವುದೇ ನನ್ನ ಕೆಲಸ. ನನ್ನ ಹಿಂದೆ ಅರಮನೆ ತೆಗೆದು ಗುಡಿಸಲು ಜೋಡಿಸುವ ತನಕ ಮುಂದೆ ಹಾಸ್ಯ ನಡೆಯಬೇಕು. ಹಿಂದಿನವರ ಕೆಲಸ ಮುಗಿಯದಿದ್ದರೆ ನನ್ನನ್ನು ಹಿಡಿದು ಅಲುಗಿಸುತ್ತಿದ್ದರು. ಇನ್ನಷ್ಟು ಹೊತ್ತು ಎಳೆಯಿರಿ ಎಂದು ಅದರ ಅರ್ಥ. ಆ ಹಾಸ್ಯ ಬರೆಯುತ್ತಿದ್ದವರೂ ಆಡುತ್ತಿದ್ದವರೂ ಕಂಪನಿಯ ನಾಟಕಕಾರ ಗುರುಲಿಂಗ ಮಾಸ್ತರು. ಅವರ ಮುಖ ಕಂಡರೇ ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಹೆಂಡತಿ ತಾರಾಬಾಯಿ ನಾಯಕಿಯ ಪಾತ್ರ ಮಾಡುತ್ತಿದ್ದಳು.

ಇಳಕಲ್ಲಿನ ಕ್ಯಾಂಪಿನಲ್ಲಿ ಒಂದು ಸಂಜೆ ಅವಳಿಗೆ ಮೈ ಸುಡುವಷ್ಟು ಜ್ವರ.

“ಇವತ್ತೊಂದು ದಿನ ಬ್ಯಾಡ್ರೀ,” ಅಂದಳು.

“ಮಂದಿ ಬಂದು ಕುಂತಾರ, ತಾರಾ. ಇದೊಂದು ಆಟ ತಡಕೊ.”

ನನ್ನನ್ನು ಇಳಿಬಿಟ್ಟರು. ಸೀನು ಜೋಡಿಸುವ ಹುಡುಗರು ಗುಡಿಸಲು ತರಲು ಹೊರಗೆ ಹೋಗಿದ್ದರು. ಹಿಂದೆ ಒಬ್ಬಳೇ ನಿಂತಿದ್ದ ತಾರಾಬಾಯಿ ಕುಸಿದಳು. ಕೂಗಲು ಉಸಿರಿರಲಿಲ್ಲ, ನನ್ನನ್ನು ಹಿಡಿದುಕೊಂಡಳು. ನಾನು ಅಲುಗಿದೆ. ಮಾಸ್ತರು ಓರೆಗಣ್ಣಿನಿಂದ ನೋಡಿ ಹಾಸ್ಯ ಎಳೆದರು. ಮತ್ತೆ ಅಲುಗಿದೆ. ಮತ್ತಷ್ಟು ಎಳೆದರು. ಆಮೇಲೆ ಅವಳ ಕೈ ಸಡಿಲವಾಯಿತು, ಉಸಿರು ನಿಂತಿತು. ನನ್ನನ್ನು ಮೇಲೆತ್ತಿದಾಗಲೂ ಜನ ನಗುತ್ತಲೇ ಇದ್ದರು.

ಅಲ್ಲಿಂದಾಚೆಗೆ ಮಾಸ್ತರು ಬರೆದ ನಾಟಕಗಳಲ್ಲಿ ಹಾಸ್ಯವಿಲ್ಲ, ಪರದೆಯೂ ಇಲ್ಲ. ಸೀನು ಬದಲಿಸುವುದೂ ಜನರ ಕಣ್ಣೆದುರೇ ನಡೆಯಬೇಕು. ಅಷ್ಟರಲ್ಲಿ ಮನೆಮನೆಗೆ ಟಿವಿ ಬಂದಿತ್ತು, ಥಿಯೇಟರು ಅರ್ಧವೂ ತುಂಬುತ್ತಿರಲಿಲ್ಲ. ಮಾಲೀಕ ಬಾಳನಗೌಡರು ತಲೆ ಚಚ್ಚಿಕೊಂಡರು.

“ಮಂದಿ ನಗಾಕ ಬರ್ತಾರ್ರೀ ಮಾಸ್ತರ. ಅಳೂದು ಮನ್ಯಾಗ ಇದ್ದೇ ಐತಿ.”

“ನಕ್ಕಿದ್ದು ಸಾಕ್ರೀ ಗೌಡ್ರ. ಹಿಂದ ಏನ ನಡೀತೈತಿ ಅಂತ ಒಮ್ಮೆರೆ ನೋಡ್ಲಿ.”

ಹಟ ಮಾಡಿ ಒಂದನ್ನು ಆಡಿಸಿದರು. ಬಟಾಬಯಲಿನಂಥ ರಂಗದ ಮೇಲೆ ಜ್ವರದ ಹೆಂಗಸೊಬ್ಬಳು ಬೀಳುತ್ತಾಳೆ. ಗಂಡನಾಗಿ ಮಾಸ್ತರು ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತರು. ಜನ ನಕ್ಕರು. ಆ ಮುಖ ನೋಡಿ ನಗುವುದೊಂದೇ ಅವರಿಗೆ ರೂಢಿ. ಮಾಸ್ತರು ಬಿಕ್ಕಿದಷ್ಟೂ ನಗು ಏರಿತು, ಹಿಂದಿನ ಸಾಲಿನಿಂದ ಯಾರೋ ಒನ್ಸ್ ಮೋರ್ ಎಂದರು. ಮೂಲೆಯಲ್ಲಿ ಸುತ್ತಿಟ್ಟಿದ್ದ ನನಗೆ ಎಲ್ಲವೂ ಕೇಳಿಸಿತು. ಆಮೇಲೆ ಅವರು ಒಂದಕ್ಷರ ಬರೆಯಲಿಲ್ಲ.

ಕಂಪನಿ ಮುಚ್ಚಿದಾಗ ಮಾಸ್ತರು ಗೌಡರಿಂದ ನನ್ನೊಬ್ಬನನ್ನೇ ಬೇಡಿ ತಂದರು. ಈಗ ಅವರ ಬಾಡಿಗೆ ಕೋಣೆಯ ಗೋಡೆಗೆ ತೂಗುಬಿದ್ದಿದ್ದೇನೆ. ಬೀದಿಯ ಬಣ್ಣ ಉದುರಿದೆ, ಕತ್ತೆಯಂಥ ನಾಯಿ ಮಾತ್ರ ಉಳಿದಿದೆ. ಕಿಟಕಿಯಿಂದ ಗಾಳಿ ಬಂದರೆ ನಾನು ಅಲುಗುತ್ತೇನೆ. ಮಾಸ್ತರು ಬಾಯಿಗೆತ್ತಿದ ತುತ್ತನ್ನು ತಾಟಿಗೆ ಹಾಕಿ ಓಡಿಬರುತ್ತಾರೆ.

“ಬಂದೆ ತಾರಾ, ಬಂದೆ.”

ನನ್ನ ಅಂಚು ಎತ್ತಿ ನೋಡುತ್ತಾರೆ. ಹಿಂದೆ ಸುಣ್ಣದ ಗೋಡೆ. ಅಲುಗಬಾರದೆಂದು ನನಗೂ ಆಸೆ. ಆದರೆ ನಾನು ಬಟ್ಟೆ, ಗಾಳಿ ಬಂದಾಗ ಸುಮ್ಮನಿರಲು ನನಗೆ ಬರುವುದಿಲ್ಲ.