ಸೈಕಲ್ಲಿಗೊಂದು ದಾರಿ ಬಿಡಿ

ಸಿದ್ದನಕಟ್ಟೆಯ ಮಕ್ಕಳು ಹೈಸ್ಕೂಲಿಗೆ ಅಜ್ಜಂಪುರಕ್ಕೆ ಹೋಗಬೇಕು. ಬೆಳಗಿನ ಬಸ್ಸು ಬುಕ್ಕಾಂಬುಧಿಯಲ್ಲೇ ತುಂಬಿಕೊಂಡು ಬರುತ್ತದೆ. ಎಷ್ಟೋ ದಿನ ನಿಲ್ಲಿಸುವುದೇ ಇಲ್ಲ. ಹಾಗಾಗಿ ಮಕ್ಕಳು ಸೈಕಲ್ಲು ಹತ್ತುತ್ತಾರೆ. ಟಾರು ರಸ್ತೆ ಅಗಲವಾದ ಮೇಲೆ ಜಲ್ಲಿ ಟಿಪ್ಪರುಗಳ ಓಡಾಟ ಹೆಚ್ಚಿತು. ಹಾರ್ನ್ ಕೇಳಿದ ಕೂಡಲೇ ಮಕ್ಕಳು ಸೈಕಲ್ಲನ್ನು ಪಕ್ಕದ ಮಣ್ಣಿಗೆ ಇಳಿಸಬೇಕು. ಮಳೆಗಾಲದಲ್ಲಿ ಆ ಮಣ್ಣೂ ಇರುವುದಿಲ್ಲ, ಬರೀ ಕೊರಕಲು.

ಊರ ಹಿಂದೆ ಇನ್ನೊಂದು ದಾರಿ ಇತ್ತು. ಹಿಂದಿನವರು ಎತ್ತಿನ ಗಾಡಿಯಲ್ಲಿ ಸಂತೆಗೆ ಹೋಗುತ್ತಿದ್ದ ಬಂಡಿದಾರಿ. ಅದು ಕೆರೆ ಏರಿಯ ಮೇಲೆ ಹಾದು, ಹೊಲಗಳ ನಡುವೆ ಸಾಗಿ, ಹೈಸ್ಕೂಲಿನ ಹಿಂದಕ್ಕೆ ಬಂದು ಸೇರುತ್ತಿತ್ತು. ಊರಿನ ನಕಾಶೆಯಲ್ಲಿ ಆ ದಾರಿ ಇವತ್ತಿಗೂ ಇದೆ. ಆದರೆ ನಡುವೆ ಒಂದು ಕಡೆ ಷಣ್ಮುಖಪ್ಪ ತನ್ನ ತೆಂಗಿನ ತೋಟದ ಬೇಲಿಯನ್ನು ದಾರಿಗೆ ಅಡ್ಡವಾಗಿ ಎಳೆದುಬಿಟ್ಟಿದ್ದ. ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದಿದ್ದ. ಎತ್ತಿನ ಗಾಡಿಗಳ ಕಾಲ ಹೋದ ಮೇಲೆ ಆ ದಾರಿ ಯಾರಿಗೂ ಬೇಕಾಗಿರಲಿಲ್ಲ, ಯಾರೂ ಕೇಳಲಿಲ್ಲ.

ಮೊದಲು ಕೇಳಿದವಳು ಪಂಚಾಯಿತಿ ಸದಸ್ಯೆ ಕೋಮಲಾ. ಒಂದು ಸಂಜೆ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಚಂದ್ರಕುಮಾರ್ ಅವರನ್ನು ಕರೆದುಕೊಂಡು ಷಣ್ಮುಖಪ್ಪನ ಮನೆಗೆ ಬಂದಳು. ಮೇಷ್ಟ್ರಿಗೆ ಸೈಕಲ್ ಎಂದರೆ ಪ್ರಾಣ. ಭಾನುವಾರ ಗೆಳೆಯರ ಜೊತೆ ತರೀಕೆರೆಯಿಂದ ಲಕ್ಕವಳ್ಳಿ ಕಡೆಗೆ ನಾಲೆಯ ಪಕ್ಕದ ಮಣ್ಣುದಾರಿ ಹಿಡಿದು ಹೋಗಿಬರುವವರು.

"ಅಣ್ಣಾ, ಆ ನಕಾಶೆ ದಾರಿ ಬಿಟ್ಕೊಡಿ. ಮಕ್ಳು ಸೈಕಲ್ನಲ್ಲಿ ಓಡಾಡ್ಲಿ," ಎಂದಳು ಕೋಮಲಾ.

"ಇವತ್ತು ಸೈಕಲ್ ಅಂತೀಯ. ನಾಳೆ ಟ್ರ್ಯಾಕ್ಟರ್ ಬತ್ತದೆ. ನಾಡಿದ್ದು ಟಿಪ್ಪರ್ರೇ ಬತ್ತದೆ. ನನ್ ತೋಟ ಉಳೀತದಾ?"

ಮೇಷ್ಟ್ರು ಹೇಳಿದರು, "ಬರಕ್ಕಾಗಲ್ಲ ಷಣ್ಮುಖಪ್ಪನೋರೇ. ದಾರಿ ಎರಡೂ ತುದೀಲಿ ಕಂಬ ನೆಡ್ತೀವಿ. ನಡೆಯೋರು, ಸೈಕಲ್ನೋರು ತೂರೋ ಅಷ್ಟೇ ಸಂದು ಬಿಡ್ತೀವಿ. ನಾವು ಭಾನುವಾರ ಹೋಗೋ ದಾರೀಲೂ ಹಂಗೇ. ಒಂದು ಗಾಡಿ ಸದ್ದಿರಲ್ಲ. ಚಿಕ್ಕ ಮಕ್ಳೂ ನಮ್ ಜೊತೆ ಬತ್ತಾರೆ."

"ಓ, ಚಡ್ಡಿ ಹಾಕ್ಕೊಂಡು ಊರೂರು ಸುತ್ತೋರಿಗೆ ನಾನು ಜಮೀನು ಕೊಡ್ಬೇಕಾ? ಕಾಯಿ ಕದ್ದೋರ್ನ ಯಾರು ಹಿಡೀತಾರೆ?"

"ಜನ ಓಡಾಡೋ ಕಡೆ ಕಳ್ಳರು ಬರಲ್ಲ ಕಣಣ್ಣ. ಇನ್ನು ಜಮೀನು ಅಂತೀರಿ. ಅದು ನಿಮ್ ಖಾತೇಲಿಲ್ಲ, ದಾರಿ ಅದು," ಎಂದಳು ಕೋಮಲಾ.

ಷಣ್ಮುಖಪ್ಪ ಮುಖ ಗಂಟಿಕ್ಕಿಕೊಂಡ. "ಸರ್ವೆ ಮಾಡ್ಸು. ಆಮೇಲೆ ನೋಡಣ."

ಕೋಮಲಾ ಅರ್ಜಿ ಕೊಟ್ಟಳು. ಸರ್ವೆಯವರು ಬರುವ ದಿನ ಷಣ್ಮುಖಪ್ಪ ಬೇಕೆಂದೇ ಕಡೂರಿಗೆ ನೆಂಟರ ಮನೆಗೆ ಹೋದ. ತೋಟದವನಿಲ್ಲದೆ ಅಳತೆ ಮುಂದಕ್ಕೆ ಹೋಯಿತು. ಎರಡನೇ ಸಲವೂ ಅದೇ ಆಯಿತು.

ಆ ಮಳೆಗಾಲದಲ್ಲಿ ನಯನ ಸತ್ತಳು.

ನಯನ, ಊರಿನ ಮಲ್ಲಿಕಾರ್ಜುನ ಮತ್ತು ಕಾಮಾಕ್ಷಮ್ಮ ದಂಪತಿಯ ಒಬ್ಬಳೇ ಮಗಳು, ಹತ್ತನೇ ತರಗತಿ. ಷಣ್ಮುಖಪ್ಪನ ಮಗಳು ಪ್ರಜ್ಞಾ ಅವಳಿಗಿಂತ ಒಂದು ವರ್ಷ ಚಿಕ್ಕವಳು. ಇಬ್ಬರೂ ದಿನಾ ಜೊತೆಯಲ್ಲೇ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಅವತ್ತು ಪ್ರಜ್ಞಾ ಮುಂದಿದ್ದಳು. ಹಿಂದೆ ಟಿಪ್ಪರಿನ ಹಾರ್ನ್ ಕೇಳಿ ಕೆಳಗಿಳಿಯೋಣವೆಂದರೆ ಪಕ್ಕದಲ್ಲಿ ಕೊರಕಲು ತುಂಬ ನೀರು. ಪ್ರಜ್ಞಾ ಹೇಗೋ ಇಳಿದಳು. ತಿರುಗಿ ನೋಡುವಷ್ಟರಲ್ಲಿ ನಯನಳ ಸೈಕಲ್ಲು ರಸ್ತೆಯ ಮೇಲಿತ್ತು, ನಯನ ಚಕ್ರದ ಕೆಳಗಿದ್ದಳು.

ಊರವರು ಓಡಿ ಬಂದರು. ಕಾಮಾಕ್ಷಮ್ಮ ಅಳಲಿಲ್ಲ. ಮಗಳ ಒಂದು ಕಾಲಿನ ಚಪ್ಪಲಿ ಕಾಣುತ್ತಿಲ್ಲವೆಂದು ಕೊರಕಲಿನ ನೀರಿನಲ್ಲಿ ಕೈಯಾಡಿಸಿ ಹುಡುಕುತ್ತಲೇ ಇದ್ದಳು. ಕೋಮಲಾ ಹೋಗಿ ಹಿಡಿದುಕೊಂಡಾಗ, "ಬರಿಗಾಲಲ್ಲಿ ಕಳಿಸಕ್ಕಾಗಲ್ಲ ಕಣೇ," ಎಂದಳು.

ಪ್ರಜ್ಞಾ ಶಾಲೆಗೆ ಹೋಗುವುದನ್ನು ಬಿಟ್ಟಳು. ಊಟ ಕಡಿಮೆಯಾಯಿತು, ಮಾತು ನಿಂತಿತು. ಅವಳ ಸೈಕಲ್ಲು ಕೊಟ್ಟಿಗೆಯಲ್ಲಿ ಒರಗಿತ್ತು.

"ಹಿಂಗೇ ಬಿಟ್ರೆ ಮಗು ಕೈ ತಪ್ಪೋಗ್ತದೆ ಕಣ್ರೀ," ಎಂದಳು ಹೆಂಡತಿ ತೀರ್ಥಮ್ಮ.

"ಸೈಕಲ್ ಸಹವಾಸವೇ ಬೇಡ. ನಾನೇ ಬೈಕಲ್ಲಿ ಬಿಟ್ಟು ಬತ್ತೀನಿ," ಎಂದ ಷಣ್ಮುಖಪ್ಪ.

ತಂದೆ ಕರೆದ ಮೇಲೆ ಪ್ರಜ್ಞಾ ಎದ್ದಳು. ಬೈಕಿನ ಹಿಂದೆ ಕುಳಿತು ಕಣ್ಣು ಮುಚ್ಚಿಕೊಂಡೇ ಹೋಗಿ ಬರುತ್ತಿದ್ದಳು. ಒಂದು ಬೆಳಿಗ್ಗೆ ಅಜ್ಜಂಪುರ ಇನ್ನೇನು ಹತ್ತಿರ ಬಂತು ಎನ್ನುವಾಗ ಟಿಪ್ಪರೊಂದು ಬಸ್ಸನ್ನು ಹಿಂದಿಕ್ಕಿ ಎದುರಿಗೇ ನುಗ್ಗಿತು. ಷಣ್ಮುಖಪ್ಪ ಬೈಕನ್ನು ಕೆಳಕ್ಕೆಳೆದ. ಇಬ್ಬರೂ ಕೆಸರಿಗೆ ಬಿದ್ದರು. ಟಿಪ್ಪರು ನಿಲ್ಲಲಿಲ್ಲ. ಅವನ ಮೊಣಕಾಲಿನ ಚರ್ಮ ಕಿತ್ತು ರಕ್ತ ಸುರಿಯಿತು, ಬೈಕಿನ ಹ್ಯಾಂಡಲ್ಲು ತಿರುಚಿಕೊಂಡಿತು. ಮಗಳಿಗೆ ಗಾಯವಾಗಿರಲಿಲ್ಲ. ಆದರೆ ಬಿದ್ದಲ್ಲಿಂದ ಅವಳು ಏಳಲೇ ಇಲ್ಲ.

"ಬಾರವ್ವ, ಯಾವ್ದಾದ್ರೂ ಆಟೋ ನಿಲ್ಲುಸ್ತೀನಿ."

"ಈ ರಸ್ತೇಗೆ ನಾನು ಬರಲ್ಲ ಅಪ್ಪಾಜಿ. ಸಾಯ್ಸಿದ್ರೂ ಬರಲ್ಲ."

ಬೈಕನ್ನು ಅಲ್ಲೇ ಬಿಟ್ಟು ಅವನು ಮಗಳ ಕೈ ಹಿಡಿದು ಹೊಲಕ್ಕೆ ಇಳಿದ. ಸ್ವಲ್ಪ ದೂರ ನಡೆದರೆ ಹಳೆಯ ಬಂಡಿದಾರಿ ಸಿಕ್ಕಿತು. ಹುಲ್ಲು ಬೆಳೆದಿತ್ತು, ಆದರೂ ಗಟ್ಟಿ ನೆಲ. ಎಷ್ಟೋ ವರ್ಷದ ಮೇಲೆ ಷಣ್ಮುಖಪ್ಪ ಅಲ್ಲಿ ಕಾಲಿಟ್ಟಿದ್ದ. ಯಾವ ಸದ್ದೂ ಇರಲಿಲ್ಲ. ದೂರದಲ್ಲಿ ಬೆಟ್ಟದ ಸಾಲು ಮೋಡದೊಳಗೆ ಅರ್ಧ ಮುಳುಗಿತ್ತು. ಮಗಳು ಕಣ್ಣು ತೆರೆದುಕೊಂಡೇ ನಡೆಯುತ್ತಿದ್ದುದನ್ನು ಅವನು ನೋಡಿದ. ಇಬ್ಬರೂ ನಡೆದು ಅವನ ತೋಟದ ಬೇಲಿಯ ಎದುರು ಬಂದು ನಿಂತರು. ದಾರಿ ಅಲ್ಲಿಗೆ ಮುಗಿದಿತ್ತು.

ಪ್ರಜ್ಞಾ ಬೇಲಿಯನ್ನೇ ನೋಡುತ್ತ ಹೇಳಿದಳು. "ಒಂದಿನ ನಾವಿಬ್ರೂ ಊರ ಕಡೆಯಿಂದ ಇಲ್ಲಿಗಂಟ ಬಂದಿದ್ವಿ ಅಪ್ಪಾಜಿ. ಸೈಕಲ್ ಎತ್ತಿ ದಾಟ್ಸಿ ದಿನಾ ಹಿಂಗೇ ಹೋಗಣ ಅಂದ್ಲು ನಯನ. ನೀವು ಬೈತೀರ ಅಂತ ನಾನೇ ಬೇಡ ಅಂದೆ. ವಾಪಸ್ ಟಾರ್ ರಸ್ತೇಗೆ ಕರ್ಕೊಂಡೋದೆ."

ಷಣ್ಮುಖಪ್ಪ ಬೇಲಿಯ ಬುಡಕ್ಕೆ ಬಗ್ಗಿದ. ಮಗಳು ನುಸುಳಲೆಂದು ಕೆಳಗಿನ ತಂತಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಮುಳ್ಳು ಅಂಗೈಗೆ ಇಳಿಯಿತು. ಮಗಳು ಆಚೆ ಹೋಗಿ ನಿಂತ ಮೇಲೂ ಅವನು ತಂತಿ ಬಿಡಲಿಲ್ಲ.

ಮನೆಗೆ ಬಂದವನೇ ಹಾರೆ, ಇಕ್ಕಳ ತೆಗೆದುಕೊಂಡು ಹೊರಟ.

"ಸರ್ವೆಯೋರು ಬರ್ಲಿ ಅಂತಿದ್ರಲ್ಲ?" ಎಂದಳು ತೀರ್ಥಮ್ಮ.

"ಅವ್ರು ಯಾಕೆ ಬರ್ಬೇಕು? ದಾರಿ ಎಲ್ಲದೆ ಅಂತ ನಂಗೊತ್ತು. ಮೊದ್ಲಿಂದಲೂ ಗೊತ್ತು."

ತೀರ್ಥಮ್ಮ ಅವನ ಅಂಗೈ ನೋಡಿದಳು. ಒಳಗೆ ಹೋಗಿ ಕುಡುಗೋಲು ತಂದು ಹಿಂದೆಯೇ ನಡೆದಳು. ಸಂಜೆಯ ಹೊತ್ತಿಗೆ ತಂತಿ ಕತ್ತರಿಸಿ, ಅಡ್ಡವಿದ್ದ ಕಂಬಗಳನ್ನು ಕಿತ್ತು ಬದಿಗೆ ಹಾಕಿದರು.

ಆಮೇಲೆ ಅವನು ಕೋಮಲಾಳನ್ನು ಕರೆದುಕೊಂಡು ನಯನಳ ಮನೆಗೆ ಹೋದ. ಒಳಗೆ ಹೋಗದೆ ಬಾಗಿಲಲ್ಲೇ ನಿಂತ.

"ದಾರಿ ಬಿಟ್ಟಿದ್ದೀನಿ ತಾಯಿ. ನನ್ನಿಂದ ತಪ್ಪಾಯ್ತು."

ಕಾಮಾಕ್ಷಮ್ಮ ತಲೆ ಎತ್ತಿದಳು. "ಒಳ್ಳೇದು ಮಾಡಿದ್ರಿ. ನಿಮ್ ಮಗಳು ಓದ್ಲಿ. ಕ್ಷಮಿಸು ಅಂತ ಮಾತ್ರ ನನ್ನ ಕೇಳ್ಬೇಡಿ. ಅದು ನನ್ ಹತ್ರ ಇಲ್ಲ."

ಮರುದಿನ ನಯನಳ ತಂದೆ ಮಲ್ಲಿಕಾರ್ಜುನ ಗುದ್ದಲಿ ಹಿಡಿದು ಬಂಡಿದಾರಿಗೆ ಬಂದ. ಷಣ್ಮುಖಪ್ಪನ ಜೊತೆ ಒಂದು ಮಾತನ್ನೂ ಆಡದೆ ಅವನ ಪಕ್ಕದಲ್ಲೇ ಗುಂಡಿ ಮುಚ್ಚಿದ. ಅದನ್ನು ನೋಡಿ ಊರವರು ಒಬ್ಬೊಬ್ಬರೇ ಬಂದರು. ಪಂಚಾಯಿತಿಯವರು ಎರಡು ತುದಿಗೂ ಕಂಬ ನೆಡಿಸಿದರು. ಟ್ರ್ಯಾಕ್ಟರು ಬರಲಿಲ್ಲ, ಟಿಪ್ಪರೂ ಬರಲಿಲ್ಲ. ಕಾಯಿಯೂ ಕಳುವಾಗಲಿಲ್ಲ.

ಈಗ ಸಿದ್ದನಕಟ್ಟೆಯ ಮಕ್ಕಳೆಲ್ಲ ಆ ದಾರಿಯಲ್ಲೇ ಹೋಗುತ್ತಾರೆ. ಭಾನುವಾರ ಮೇಷ್ಟ್ರ ಗುಂಪು ಬರುತ್ತದೆ. ತರೀಕೆರೆಯವರು, ಕಡೂರಿನವರು ಮಕ್ಕಳ ಸಮೇತ ಸೈಕಲ್ಲಿನಲ್ಲಿ ಬಂದು ಕೆರೆ ಏರಿಯ ಮೇಲೆ ಕುಳಿತು ಬೆಟ್ಟ ನೋಡುತ್ತಾರೆ. ಬಾಯಾರಿ ಬಂದವರಿಗೆ ತೀರ್ಥಮ್ಮ ಮಜ್ಜಿಗೆ ಕೊಡುತ್ತಾಳೆ. ಪ್ರಜ್ಞಾ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಆದರೆ ಹಿಂದಿನಿಂದ ಇನ್ನೊಂದು ಸೈಕಲ್ಲಿನ ಬೆಲ್ ಕೇಳಿದರೂ ಬ್ರೇಕು ಹಿಡಿದು ಇಳಿದು ನಿಲ್ಲುತ್ತಾಳೆ. ಕಾಮಾಕ್ಷಮ್ಮ ಆ ದಾರಿಗೆ ಇದುವರೆಗೂ ಬಂದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನ ಹಿಂದೆಯೂ ಇಂಥ ಒಂದು ದಾರಿ ಇರಬಹುದು. ಕೆರೆ ಏರಿ ಇರಬಹುದು, ಹಳೆಯ ಬಂಡಿದಾರಿ ಇರಬಹುದು. ಈ ವಾರವೇ ಗ್ರಾಮದ ನಕಾಶೆ ತರಿಸಿ ನೋಡಿ. ಮುಚ್ಚಿಹೋಗಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಗಾಡಿಗಳು ನುಗ್ಗದ ಹಾಗೆ ಕಂಬ ನೆಡಿಸಿ, ಸೈಕಲ್ಲಿಗೂ ನಡೆಯುವವರಿಗೂ ಬಿಡಿಸಿ. ಅಡ್ಡ ಇರುವ ಬೇಲಿ ನಿಮ್ಮದೇ ಆಗಿದ್ದರೆ ಯಾರಾದರೂ ಕೇಳುವವರೆಗೆ ಕಾಯಬೇಡಿ. ಮಗು ಸತ್ತ ಮೇಲೆ ಬಿಡುವ ದಾರಿಯನ್ನು ಮಗು ಇರುವಾಗಲೇ ಬಿಡಿ.