ತುಟಿಗಳ ನಡುವೆ ಸೂಜಿ
ಮೊಣಕಾಲಿಗೆ ತಣ್ಣಗೆ ಬಣ್ಣ ತಾಗಿತು, ಕೆಳದುಟಿ ಇನ್ನೂ ಒಣಗಿಲ್ಲ, ಕಾಲುಚೀಲದಲ್ಲೇ ಹಿಂದಕ್ಕೆ ಸರಿಯುತ್ತ ಅವಳು ಕುಂಚ ಎಳೆಯುತ್ತಾಳೆ, ಹನ್ನೆರಡು ಅಡಿಯ ತುಟಿ, ಅದಕ್ಕಿಂತ ಉದ್ದದ ಸೂಜಿ — ಇಷ್ಟು ಹತ್ತಿರದಿಂದ ತುಟಿಯೂ ಅಲ್ಲ ಸೂಜಿಯೂ ಅಲ್ಲ, ಕಂದು ನೆಲ, ಮೇಲೊಂದು ಬೂದು ಪಟ್ಟಿ. ಅವಳು ಬಣ್ಣ ಹಚ್ಚುತ್ತಿರುವುದು ಫುಟ್‌ಬಾಲ್ ಮೈದಾನದ ಅರ್ಧ ಮುಚ್ಚುವ ಬಟ್ಟೆಗೆ, ಪಂದ್ಯಾವಳಿಯ ಉದ್ಘಾಟನೆಗೆ ನಾಲ್ಕೇ ದಿನ, ಚೆಂಡು ಹೊಲಿಯುವ ಹೆಂಗಸಿನ ಚಿತ್ರ, ಹನ್ನೊಂದು ನಿಮಿಷ ಹರಡಿಟ್ಟು ಸುತ್ತಿಬಿಡುತ್ತಾರೆ, ಹುಲ್ಲು ಬಾಡಬಾರದಂತೆ. ಹುಲ್ಲಿನ ಮೇಲೆ ಎಂಥ ಕಾಳಜಿ. ಹೆಂಗಸು ಯಾರೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ, ಕರಡು ಬರೆಯುವಾಗ ಕೈ ತಾನಾಗಿ ಅಮ್ಮನ ಮುಖ ಬರೆದಿತ್ತು, ಆಗ ಅಮ್ಮ ಇದ್ದಳು, ಹೋದ ಸೋಮವಾರದವರೆಗೂ ಇದ್ದಳು. ಮಂಗಳವಾರ ಎಲ್ಲ ಮುಗಿಯಿತು, ಗುರುವಾರ ಕೆಲಸಕ್ಕೆ ಬಂದು ಅಮ್ಮನ ಕೆನ್ನೆಯ ಮೇಲೆ ಕೂತು ಚಹಾ ಕುಡಿದಳು, ಸಕ್ಕರೆ ಇತ್ತೋ ಇಲ್ಲವೋ. ತಮ್ಮ ಫೋನಿನಲ್ಲಿ, ಅಕ್ಕಾ, ನೀನು ಕಲ್ಲಾಗ್ಬಿಟ್ಟಿದೀಯ ಕಣೆ, ಅಂದ. ಹೌದೇನೋ, ಅಂದಳು, ಬಣ್ಣ ಕಲೆಸುವುದಿತ್ತು. ಚಿಕ್ಕಂದಿನ ಮನೆಯ ಮುಂಗೋಣೆಯಲ್ಲಿ ಮಂಡಿಗಳ ನಡುವೆ ಮರದ ಇಕ್ಕಳ ಸಿಕ್ಕಿಸಿ ಚೆಂಡಿನ ಮೂವತ್ತೆರಡು ತುಂಡು ಜೋಡಿಸುವ ಅಮ್ಮ, ದಾರಕ್ಕೆ ಮೇಣ ತಿಕ್ಕುವಾಗ ಸೂಜಿ ತುಟಿಗಳ ನಡುವೆ, ಏನು ಕೇಳಿದರೂ ಹ್ಞೂಂ, ಊಟಕ್ಕೊಂದು ಹ್ಞೂಂ, ಬೈಗುಳಕ್ಕೆ ಇನ್ನೊಂದು, ಅಂಕಪಟ್ಟಿ ತೋರಿಸಿದರೆ ಮೂಗಿನಿಂದ ಬರುವ ಮೂರನೆಯದು, ನಗುವೆಲ್ಲ ಅದರಲ್ಲೇ. ಸೂಜಿ ತೆಗೆದ್ರೆ ನಮ್ಮಮ್ಮಂಗೆ ಮಾತೇ ಮರೆತುಹೋಗುತ್ತೆ ಎಂದು ತಮ್ಮ ಅಣಕಿಸುತ್ತಿದ್ದ, ಅದಕ್ಕೂ ಹ್ಞೂಂ — ಆಸ್ಪತ್ರೆಯಲ್ಲಿ ಬಾಯಿ ತೆರೆದೇ ಇತ್ತು, ಸೂಜಿಯಿಲ್ಲದ ಬಾಯಿ, ಯಾರದೋ ಬಾಯಿ, ಮಂಚಕ್ಕೆ ಕಟ್ಟಿದ ಹೆಸರಿನ ಚೀಟಿ ಓದಿಯೇ ಅವಳು ಹತ್ತಿರ ಹೋಗಿದ್ದು.

ಗದ್ದದ ಕಡೆಯಿಂದ ಯಾರೋ ನಡೆದು ಬರುತ್ತಾರೆ, ಚಿತ್ರದ ಉಸ್ತುವಾರಿ ಮೇಡಂ, ಅವರೂ ಕಾಲುಚೀಲದಲ್ಲಿ, ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ. ಮೇಲಿನವರಿಗೆ ಸೂಜಿ ಹಿಡಿಸಲಿಲ್ಲವಂತೆ, ಬಾಯಿ ಹೊಲಿದ ಹಾಗೆ ಕಾಣುತ್ತದಂತೆ, ಬಂದ ಅತಿಥಿಗಳಿಗೆ ನಗುಮುಖ ಬೇಕಂತೆ, ಹಲ್ಲು ಕಾಣಲಿ, ಸೂಜಿ ಬೇಕಾದ್ರೆ ಕೈಗೆ ಕೊಡಿ. ಕುಂಚ ನಿಂತಿತು. ಅದು ನಮ್ಮಮ್ಮ, ಅಂದಳು ಅವಳು, ಬೇರೆ ಯಾರದೋ ಧ್ವನಿ ಅನ್ನಿಸಿತು, ಹೋದ ವಾರ ತೀರ್ಕೊಂಡ್ರು. ಮೇಡಂ ಪಕ್ಕದಲ್ಲೇ ಕುಸಿದು ಕೂತರು. ನಂಗೆ ಗೊತ್ತಿರಲಿಲ್ಲ ಕಣ್ರೀ. ಮೇಡಂ ಒಳ್ಳೆಯವರು, ಕಣ್ಣು ಒದ್ದೆಯಾಗಿದೆ, ಅವರದ್ದು. ನೋಡಿ, ದೊಡ್ಡ ಪರದೆ ಮೇಲೆ ಅಮ್ಮನ ಹೆಸರು ಹಾಕಿಸ್ತೀನಿ, ಅರವತ್ತು ಸಾವಿರ ಜನ ಓದ್ತಾರೆ, ನಾನು ಮಾತು ಕೊಡ್ತೀನಿ, ಸೂಜಿ ಒಂದು ಬಿಟ್ಕೊಡಿ. ಬಿಳಿ ಡಬ್ಬಿ ಅವಳ ಮೊಣಕಾಲಿನ ಹತ್ತಿರಕ್ಕೆ ಬಂತು. ಅರವತ್ತು ಸಾವಿರ ಜನ, ಹಲ್ಲು, ಹೆಸರು, ತೆರೆದ ಬಾಯಿಗೆ ಮತ್ತೊಂದು ಚೀಟಿ — ಸೂಜಿ, ಸೂಜಿಯ ಮೊನೆ, ಸೂಜಿಯನ್ನು ಒತ್ತಿ ಹಿಡಿದ ತುಟಿ, ಸೂಜಿ.

ಹೆಸರು ಬೇಡ ಮೇಡಂ, ಅಂದಳು. ಸೂಜಿ ನಾನು ತೆಗೆಯಲ್ಲ.