ಪಾಸ್‌ಪೋರ್ಟಿನ ಹಣೆ

ಐರ್ಲೆಂಡಿಗೆ ಹೊರಟಿದ್ದ ನರ್ಸ್ ಸುರಭಿ, ಅಲ್ಲಿನ ಬ್ಯಾಂಕೊಂದರಲ್ಲಿ ಖಾತೆ ತೆರೆಯಲು ಕತ್ರಿಗುಪ್ಪೆಯ ಮನೆಯಿಂದಲೇ ವಿಡಿಯೊ ಕಾಲ್‌ಗೆ ಕೂತು ಪಾಸ್‌ಪೋರ್ಟ್ ತೋರಿಸಿದಳು.

"ಫೋಟೊದಲ್ಲಿ ಹಣೆ ಮೇಲೆ ಕೆಂಪು ಗುರುತಿದೆ. ನಿಮಗಿಲ್ಲವಲ್ಲ?" ಎಂದಳು ಬ್ಯಾಂಕಿನಾಕೆ.

ಸುರಭಿ ಪಾಸ್‌ಪೋರ್ಟ್ ತಿರುಗಿಸಿ ನೋಡಿದಳು. ಬೆಳಿಗ್ಗೆ ಅಜ್ಜಿ ಸೀತಮ್ಮ ಪಾಸ್‌ಪೋರ್ಟಿಗೆ ಪೂಜೆ ಮಾಡಿದ್ದರು. ಕುಂಕುಮವನ್ನು ಯಾವುದಾದರೂ ಮೂಲೆಗಿಡುವುದು ಬಿಟ್ಟು, ನೇರ ಮೊಮ್ಮಗಳ ಫೋಟೊದ ಹಣೆಗೇ ಇಟ್ಟಿದ್ದರು! ಸುರಭಿ ಒರೆಸಲು ಕೈ ಹಾಕಿದ್ದೇ ತಡ, ಬ್ಯಾಂಕಿನಾಕೆ ಹೌಹಾರಿದಳು: "ಪರಿಶೀಲನೆ ನಡೆಯುವಾಗ ದಾಖಲೆ ಮುಟ್ಟುವಂತಿಲ್ಲ!"

ಬಾಗಿಲ ಸಂದಿಯಲ್ಲಿ ಕಿವಿಗೊಟ್ಟು ನಿಂತಿದ್ದ ಅಜ್ಜಿ ಕುಂಕುಮದ ಭರಣಿ ಹಿಡಿದು ಓಡಿಬಂದು, ಮೊಮ್ಮಗಳ ಹಣೆಗೂ ಒತ್ತಿಬಿಟ್ಟರು.

"ಈಗ ಹೊಂದುತ್ತದೆ," ಎಂದು ಬ್ಯಾಂಕಿನಾಕೆ ಖಾತೆ ತೆರೆದೇಬಿಟ್ಟಳು.

"ಇಟ್ಕೋ ಇಟ್ಕೋ ಅಂತ ಹತ್ತು ವರ್ಷ ಬಡ್ಕೊಂಡೆ, ಕೇಳ್ಲಿಲ್ಲ," ಎಂದರು ಅಜ್ಜಿ. "ಫೋನ್ ಇಡ್ಬೇಡ ಇರು. ಬಳೇನೂ ಒಂಚೂರು ಚೆಕ್ ಮಾಡಕ್ಕೆ ಹೇಳು ಆ ಮೇಡಂಗೆ."